ಜೈಲಿನಲ್ಲೇ ಸರ್ವೀಸು ಮುಗಿಸಿದವರು
ಜೈಲು ಆಳಿದ ಹೆಣ್ಣುಮಕ್ಕಳೆಂದರೆ ನಮಗೆ ನೆನಪಾಗುವುದು ಐಪಿಎಸ್ ಹೆಸರುಗಳೇ. ಕಿರಣ್ ಬೇಡಿ ತಿಹಾರ್‌ನಲ್ಲಿದ್ದದ್ದು 1993ರಿಂದ 1995ರವರೆಗೆ, ಅಷ್ಟರಲ್ಲೇ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2017ರಲ್ಲಿ ಪರಪ್ಪನ ಅಗ್ರಹಾರ ಜೈಲಿನಲ್ಲಿ ಕೈದಿಗೆ ನಡೆಯುತ್ತಿದ್ದ ರಾಜೋಪಚಾರದ ಬಗ್ಗೆ ವರದಿ ಕೊಟ್ಟ ಡಿ. ರೂಪಾ ಅವರಿಗೆ ಸಿಕ್ಕಿದ್ದು ಎತ್ತಂಗಡಿ. (ನಮ್ಮ ಸರ್ಕಾರಗಳಿಗೆ ಸನ್ಮಾನದ ಬಗೆ ಹಲವು!) ಇವರೆಲ್ಲ ಬಂದು ಹೋಗುವವರು. ಜೈಲರ್ ಆಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗುವ ಹೆಂಗಸಿಗೆ ಮಾತ್ರ ಇಡೀ ಸರ್ವೀಸೇ ಗೋಡೆಯೊಳಗೆ: ಬೆಳಗಿನ ತಲೆ ಎಣಿಕೆ, ಪೆರೋಲ್ ಕಡತ, ಅಮ್ಮನ ಜೊತೆಗಿದ್ದ ಮಗುವಿಗೆ ಆರು ವರ್ಷ ತುಂಬಿದ ದಿನ ಅದನ್ನು ಹೊರಗೆ ಕಳಿಸುವ ಸಂಕಟ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯನ್ನೇ ಇಟ್ಟುಕೊಂಡಿರುವ ಜಿಲ್ಲೆ ನಮ್ಮದು. ಹಾಗಾಗಿ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಗೆ ಪ್ರತಿವರ್ಷ ಅದೇ ಮುಖಗಳನ್ನು ಹುಡುಕುವವರು ಇಂಥ ಒಬ್ಬ ನಿವೃತ್ತ ಅಧಿಕಾರಿಣಿಯ ಮನೆ ಬಾಗಿಲನ್ನೂ ತಟ್ಟಬಹುದು.