ಗೌರವಧನವೊ, ಸಂಬಳವೊ?

ಅಂಗನವಾಡಿಯ ಹೆಂಗಸರು ಬಾವುಟ ಹಿಡಿದು ಚಿತ್ರದುರ್ಗದ ಜಿಲ್ಲಾಧಿಕಾರಿಗಳ ಕಚೇರಿಗಾಗಲಿ, ಹಿರಿಯೂರು ಹೊಸದುರ್ಗ ಹೊಳಲ್ಕೆರೆಗಳ ತಾಲ್ಲೂಕು ಕಚೇರಿಗಾಗಲಿ ಮೆರವಣಿಗೆ ಹೊರಟರೆಂದರೆ ಪೇಟೆಯ ಗೃಹಸ್ಥರು ಕೇಳುವ ಪ್ರಶ್ನೆಯೊಂದುಂಟು: ಮಕ್ಕಳನ್ನು ಆಡಿಸುವವರಿಗೆ ಸಂಘವೇಕೆ? ವಕೀಲರಿಗೆ ಸಂಘವಿದೆ, ವೈದ್ಯರಿಗಿದೆ, ಅಡಕೆ ವರ್ತಕರಿಗಿದೆ. ಪ್ರಶ್ನೆ ಕೇಳುವವರಲ್ಲಿ ಅನೇಕರು ಸರ್ಕಾರಿ ನೌಕರರ ಸಂಘಕ್ಕೆ ತಾವೇ ಚಂದಾ ತೆರುವವರು. ಆದರೂ ಈ ಹೆಂಗಸರ ಸಂಘವೆಂದೊಡನೆ ಅವರಿಗೆ ಅಚ್ಚರಿಯಾಗುವುದು. ಈ ಅಚ್ಚರಿಯ ಬೇರು ಎಲ್ಲಿದೆಯೆಂಬುದನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಅಂಗನವಾಡಿ ಎಂಬ ಹೆಸರು ಸರ್ಕಾರದವರು ಕಟ್ಟಿದ್ದಲ್ಲ. ಬಡವರ ಮಕ್ಕಳು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಎಣಿಸಿದ ತಾರಾಬಾಯಿ ಮೋಡಕರ ಪ್ರಯೋಗದಿಂದ ಅದು ಬಂದದ್ದು. 1975ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಕೇಂದ್ರ ಸರ್ಕಾರವು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ನಮ್ಮ ನಾಡಿನಲ್ಲಿ ಅದಕ್ಕೆ ಆರಿಸಿಕೊಂಡದ್ದು ಟಿ. ನರಸೀಪುರ ತಾಲ್ಲೂಕನ್ನು. ಕೇಂದ್ರವನ್ನು ನಡೆಸುವವಳು ಆಯಾ ಊರಿನ ಹೆಂಗಸಾಗಿರಬೇಕೆಂದು ವಿಧಿಸಿದರು; ಇದು ವಿವೇಕದ ಮಾತು. ಆದರೆ ಆಕೆಯನ್ನು ನೌಕರಳೆನ್ನಲಿಲ್ಲ, ಸ್ವಯಂಸೇವಕಿಯೆಂದರು. ಕೊಟ್ಟದ್ದನ್ನು ಸಂಬಳವೆನ್ನಲಿಲ್ಲ, ಗೌರವಧನವೆಂದರು. ಮೆಟ್ರಿಕ್ ಆದವಳಿಗೆ ತಿಂಗಳಿಗೆ 150 ರೂಪಾಯಿ, ಆಗದವಳಿಗೆ 100, ಸಹಾಯಕಿಗೆ 35. ಗೌರವವೆಂಬ ಮಾತು ಇಷ್ಟು ಅಗ್ಗವಾಗಿ ಬಿಕರಿಯಾದದ್ದು ವಿರಳವೆನ್ನಬೇಕು. ಸಂಘದ ಚರಿತ್ರೆಯೆಲ್ಲವೂ ಈ ಒಂದು ಮಾತಿನೊಡನೆ ನಡೆದ ಹೋರಾಟವೇ ಆಗಿದೆ.

ಇವರ ಕೆಲಸವೇನೆಂಬುದನ್ನು ಕಚೇರಿಯ ಕಾಗದಗಳಿಂದ ತಿಳಿಯುವುದಕ್ಕಿಂತ ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ಕಾಣುವುದು ಲೇಸು. ನಮ್ಮದು ಮಳೆಯನ್ನು ನಂಬಿದ ಸೀಮೆ. ಮಾರಿಕಣಿವೆಯ ನೀರು ಹರಿಯುವ ಸ್ವಲ್ಪ ಭಾಗವನ್ನೂ ತೋಟದ ಸಾಲನ್ನೂ ಬಿಟ್ಟರೆ ಉಳಿದೆಡೆ ಶೇಂಗಾ, ಈರುಳ್ಳಿ, ರಾಗಿಯೇ ಗತಿ. ಕಳೆ ಕೀಳಲು ಹೊತ್ತು ಮೂಡುವಾಗಲೇ ಹೊರಡುವ ತಾಯಿ, ಮಗುವನ್ನು ಬಿಡುವುದಕ್ಕೆ ಅಂಗನವಾಡಿಯಲ್ಲದೆ ಬೇರೆ ಜಾಗವನ್ನರಿಯಳು. ಅಲ್ಲಿ ಮಗುವಿಗೆ ಊಟವನ್ನೂ ಹಾಲನ್ನೂ ಕೊಡಬೇಕು, ತೂಕ ನೋಡಬೇಕು, ಪದ್ಯ ಹೇಳಿಕೊಡಬೇಕು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಡಿಗೆ ಮಾಡಿ ಬಡಿಸಬೇಕಾಯಿತು. ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿ ಉಳಿದಿರುವ ಕಡೆ, ಆ ಗುಡಿಸಲಿನ ಬಾಗಿಲಿಗೆ ಹೋಗಿ ಮಗುವಿನ ಕ್ಷೇಮ ವಿಚಾರಿಸುವವಳೂ ಆಕೆಯೇ. ಇದರ ಮೇಲೆ ಮತದಾರರ ಪಟ್ಟಿ, ಪೋಲಿಯೋ ಹನಿ, ನಾನಾ ಸಮೀಕ್ಷೆಗಳು, 2021ರಿಂದೀಚೆಗೆ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬುವುದು. ಬೇರೆ ಯಾವ ಇಲಾಖೆಗೆ ಕೈ ಸಾಲದಿದ್ದರೂ ಆ ಕೆಲಸ ಅಂಗನವಾಡಿಯ ಮೇಲೆ ಬೀಳುವುದು ನಮ್ಮ ಅಧಿಕಾರಿಗಳಿಗೆ ಅಭ್ಯಾಸವಾಗಿಬಿಟ್ಟಿದೆ.

ಚದುರಿಹೋಗಿರುವ ಇಂತಹ ಹೆಂಗಸರು, ಒಂದು ಹಳ್ಳಿಗೆ ಒಬ್ಬರೋ ಇಬ್ಬರೋ, ಒಟ್ಟುಗೂಡಿದ್ದು ಸುಲಭದ ಕಾರ್ಯವಲ್ಲ. ಗಿರಣಿಯ ಕಾರ್ಮಿಕರಂತೆ ಅವರು ಒಂದೇ ಸೂರಿನಡಿ ಕೂಡುವವರಲ್ಲ. 1989ರಲ್ಲಿ ಅಖಿಲ ಭಾರತ ಒಕ್ಕೂಟವು ಸ್ಥಾಪಿತವಾಯಿತು. ನಮ್ಮಲ್ಲಿ ಕರ್ನಾಟಕ ರಾಜ್ಯ ಅಂಗನವಾಡಿ ನೌಕರರ ಸಂಘವು ಬೆಳೆಯಿತು. ಬೇರೆ ಕಾರ್ಮಿಕ ಪಕ್ಷದ ಸಂಘಗಳೂ ಇವೆ. ಹೆಸರಿನಲ್ಲಿಯೇ ‘ನೌಕರರ’ ಎಂಬ ಮಾತನ್ನು ಇಟ್ಟುಕೊಂಡದ್ದನ್ನು ವಾಚಕರು ಗಮನಿಸಬೇಕು. ಸರ್ಕಾರ ಕೊಡದ ಬಿರುದನ್ನು ಅವರು ತಾವೇ ಧರಿಸಿದರು.

2006ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ, ಅವರು ರಾಜ್ಯದ ಕರ್ತವ್ಯವನ್ನು ನಿರ್ವಹಿಸುವವರಲ್ಲ ಎಂದು ತೀರ್ಪಿತ್ತಿತು. ಸಂಘಕ್ಕೆ ಇದಕ್ಕಿಂತ ಭಾರಿಯಾದ ಪೆಟ್ಟು ಬೀಳಲಾರದು. ಆದರೆ 2013ರಲ್ಲಿ ಆಹಾರ ಭದ್ರತಾ ಕಾಯಿದೆಯು ಮಗುವಿನ ಊಟವನ್ನೂ ತಾಯಿಯ ಊಟವನ್ನೂ ಕಾನೂನಿನ ಹಕ್ಕಾಗಿ ಮಾಡಿತು. ಆ ಹಕ್ಕು ಸಲ್ಲಬೇಕಾದ ಸ್ಥಳ ಅಂಗನವಾಡಿ. ಅದೇ ವರ್ಷ ಭಾರತೀಯ ಕಾರ್ಮಿಕ ಸಮ್ಮೇಳನವು ಇವರನ್ನು ಕಾರ್ಮಿಕರೆಂದು ಗಣಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿ ಉಳಿಯಿತು. 2017ರ ಮಾರ್ಚಿಯಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದ ಬಳಿಯ ಬೀದಿಯಲ್ಲಿ ಹಗಲಿರುಳು ಕುಳಿತರು, ಅಲ್ಲಿಯೇ ಮಲಗಿದರು. 1939ರಲ್ಲಿ ತುರುವನೂರಿನ ಈಚಲುಮರಗಳ ಸತ್ಯಾಗ್ರಹವನ್ನು ಕಂಡ ಜಿಲ್ಲೆಯವರಾದ ನಮಗೆ ಆ ದೃಶ್ಯವು ಅಪರಿಚಿತವೆನಿಸಬೇಕಾದ ಕಾರಣವಿಲ್ಲ.

ಕೊನೆಗೆ 2022ರ ಏಪ್ರಿಲ್ 25ರಂದು, ಗುಜರಾತಿನಿಂದ ಬಂದ ಮೊಕದ್ದಮೆಯಲ್ಲಿ, ಅದೇ ಸರ್ವೋಚ್ಚ ನ್ಯಾಯಾಲಯವು 1972ರ ಗ್ರಾಚ್ಯುಟಿ ಕಾಯಿದೆ ಅಂಗನವಾಡಿಗೆ ಅನ್ವಯಿಸುವುದೆಂದೂ, ಗೌರವಧನವೆಂದು ಕೊಡುತ್ತಿದ್ದುದು ಆ ಕಾಯಿದೆಯ ಅರ್ಥದಲ್ಲಿ ಕೂಲಿಯೇ ಎಂದೂ ಹೇಳಿತು. ನಾಲ್ವತ್ತೇಳನೆಯ ವರ್ಷದಲ್ಲಿ ಆ ಹೆಸರಿನ ಮುಸುಕು ಹೀಗೆ ಕಳಚಿಬಿತ್ತು.

ಸಂಘದವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಮುಷ್ಕರದ ದಿನ ಕೇಂದ್ರದ ಬಾಗಿಲು ಮುಚ್ಚಿದರೆ ಉಪವಾಸವಿರುವುದು ಮಂತ್ರಿಯ ಮಗುವಲ್ಲ, ಕೂಲಿಯವಳ ಮಗು. ಆ ಒಂದು ಹೊತ್ತಿನ ಊಟಕ್ಕೆ ಬದಲು ಏರ್ಪಾಡನ್ನು ಅವರು ಮೊದಲೇ ಯೋಚಿಸಿದರೆ ಅವರ ಪಕ್ಷಕ್ಕೆ ಬಲ ಹೆಚ್ಚುವುದೇ ಹೊರತು ಕುಗ್ಗದು. ಆದರೆ ಈ ನೆಪದಿಂದ ಅವರ ನ್ಯಾಯವನ್ನು ತಳ್ಳಿಹಾಕುವವರ ಜೊತೆಗೆ ನಾವಿಲ್ಲ.

2023ರ ಜನವರಿಯಲ್ಲಿ ಮತ್ತೆ ಬೀದಿಗಿಳಿದ ಮೇಲೆ ರಾಜ್ಯ ಸರ್ಕಾರವು ಗ್ರಾಚ್ಯುಟಿ ಕೊಡಲು ಒಪ್ಪಿತು. ಆದರೆ 2023ರ ಏಪ್ರಿಲ್ 1ರಿಂದ ಎಂದು ಗೆರೆ ಎಳೆಯಿತು. ಅದಕ್ಕೆ ಮುಂಚೆ ನಿವೃತ್ತರಾದವರು ಗೆರೆಯ ಆಚೆಗೆ ಉಳಿದರು. ಅವರನ್ನೂ ಸೇರಿಸಬೇಕೆಂಬುದು ಸಂಘದ ಬೇಡಿಕೆ, ನಮ್ಮ ಅಭಿಪ್ರಾಯವೂ ಅದೇ. ಕಾಯಿದೆ 1972ರದು, ನ್ಯಾಯಾಲಯವು ಅದಕ್ಕೆ ಹೊಸದೇನನ್ನೂ ಸೇರಿಸಲಿಲ್ಲ, ಇದ್ದುದನ್ನು ಓದಿ ಹೇಳಿತು. 150 ರೂಪಾಯಿಗೆ ದುಡಿದು ಯೋಜನೆಯನ್ನು ನಿಲ್ಲಿಸಿದವರಿಗೇ ಇಲ್ಲವೆಂದರೆ, ಗೆರೆ ಎಳೆದವರು ಯಾರನ್ನು ನೆನೆದು ಎಳೆದರು?

ಲೆಕ್ಕವು ಕಠಿಣವಲ್ಲ. ಐದು ವರ್ಷ ದುಡಿದವರಿಗೆ, ವರ್ಷಕ್ಕೆ 15 ದಿನಗಳ ಕೂಲಿ, ತಿಂಗಳನ್ನು 26 ದಿನಗಳೆಂದು ಹಿಡಿದು. ಕೊನೆಯಲ್ಲಿ 10,000 ರೂಪಾಯಿ ಪಡೆಯುತ್ತಿದ್ದು 30 ವರ್ಷ ದುಡಿದವಳಿಗೆ ಸುಮಾರು 1,73,000 ರೂಪಾಯಿ ಸಲ್ಲಬೇಕು. ಕಠಿಣವಾದದ್ದು ದಾಖಲೆ. ಸೇವಾಪುಸ್ತಕವಿಲ್ಲದ ಕಾಲದಲ್ಲಿ ಸೇರಿದವರು ಎಂದು ಸೇರಿದರೆಂಬುದನ್ನು ತೋರಿಸಬೇಕಲ್ಲವೆ? ಹಳೆಯ ಹಾಜರಿ ಪುಸ್ತಕಗಳೂ ನೇಮಕದ ಆದೇಶಗಳೂ ಯೋಜನಾಧಿಕಾರಿಗಳ ಕಚೇರಿಯ ಬೀರುಗಳಲ್ಲಿ ಗೆದ್ದಲಿಗೆ ಸಿಕ್ಕುವ ಮುನ್ನ, ಸರ್ಕಾರದ ಅಪ್ಪಣೆಗೆ ಕಾಯದೆ, ಆರೂ ತಾಲ್ಲೂಕುಗಳ ನಿವೃತ್ತರ ಪಟ್ಟಿಯನ್ನು ಸೇವೆಯ ವರ್ಷಗಳ ಸಮೇತ ಸಿದ್ಧಮಾಡುವಂತೆ ಜಿಲ್ಲೆಯ ಅಧಿಕಾರಿಗಳನ್ನು ಕೋರುತ್ತೇವೆ. ಆ ಹೆಂಗಸರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ.