ವಿದುರನಿಗೆ ಯಾವ ಲೋಟ?

ಕಳೆದ ತಿಂಗಳು ಗೆಳೆಯರೆಲ್ಲ ಸೂರ್ಯೋದಯ ನೋಡಲು ಸ್ಕಂದಗಿರಿ ಹತ್ತಿದ್ದೆವು. ನಮ್ಮ ಕಡೆಯವರಿಗೆ ಅದು ಕಳವಾರ ಬೆಟ್ಟ. ಮೇಲೆ ಕೂತು ಕಾಯುವಾಗ ಒಬ್ಬ, ‘ದೇವರ ಭಯ ಇಲ್ಲದಿದ್ದರೆ ಮನುಷ್ಯ ಯಾಕೆ ಒಳ್ಳೆಯವನಾಗಿರಬೇಕು?’ ಎಂದ. ‘ದೇವರನ್ನು ರಾಜಕೀಯಕ್ಕೆ ಎಳೆದಿದ್ದೇ ತಪ್ಪು’ ಎಂದ ಇನ್ನೊಬ್ಬ. ಅಷ್ಟರಲ್ಲಿ ಸೂರ್ಯ ಬಂದ, ಸೆಲ್ಫಿ ಶುರುವಾಯಿತು, ವಾದ ನಿಂತಿತು. ನನ್ನ ತಲೆಯಲ್ಲಿ ಮಾತ್ರ ನಿಲ್ಲಲಿಲ್ಲ.

ನನಗೆ ನೆನಪಾದದ್ದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. ವಿದುರನೇ ನೆಟ್ಟದ್ದೆಂದು ಜನ ನಂಬಿದ್ದ ಅಲ್ಲಿನ ಅಶ್ವತ್ಥ ಮರ 2001ರಲ್ಲಿ ಉರುಳಿತು. ನಾಗರಕಲ್ಲುಗಳಿಗೆ ಪೂಜೆ ಈಗಲೂ ನಡೆಯುತ್ತದೆ. 1938ರ ಏಪ್ರಿಲ್ 25ರಂದು, ಜಾತ್ರೆಯ ಹೊತ್ತಿನಲ್ಲಿ, ನಿಷೇಧ ಮೀರಿ ಕಾಂಗ್ರೆಸ್ ಧ್ವಜ ಹಾರಿಸಲು ಸೇರಿದ್ದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಆಮೇಲೆ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜತೆಗೆ ಕಾಂಗ್ರೆಸ್ ಧ್ವಜಕ್ಕೂ ಅವಕಾಶ ಸಿಕ್ಕಿತು.

ಅಷ್ಟು ಜನರನ್ನು ಅಲ್ಲಿ ಸೇರಿಸಿದ್ದರಲ್ಲಿ ಭಕ್ತಿಯ ಪಾಲೂ ಇತ್ತು. ಆದರೆ ಅವರ ಬೇಡಿಕೆ ನ್ಯಾಯವೆಂದು ಒಪ್ಪಲು ಮಿರ್ಜಾ ಆ ಮರಕ್ಕೆ ಕೈ ಮುಗಿಯಬೇಕಿರಲಿಲ್ಲ. ನಂಬಿಕೆ ಜನರನ್ನು ಕೂಡಿಸಲಿ, ಧೈರ್ಯ ಕೊಡಲಿ, ನನ್ನ ತಕರಾರಿಲ್ಲ. ಎಲ್ಲರಿಗೂ ಅನ್ವಯಿಸುವ ಕಾನೂನು ಕೇಳುವಾಗ ಮಾತ್ರ ನಂಬದವನಿಗೂ ತಲೆಗೆ ಹೋಗುವ ಕಾರಣ ಕೊಡಬೇಕು. ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯೂ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಡಿಸಿಯೇ ಕೊಟ್ಟಿದೆ.

ಇನ್ನು ದೇವರ ಭಯದ ಮಾತು. ನಮ್ಮಜ್ಜಿ ವರ್ಷಕ್ಕೊಮ್ಮೆ ತಪ್ಪದೆ ವಿದುರಾಶ್ವತ್ಥಕ್ಕೆ ಹೋಗುತ್ತಾಳೆ. ಹಸಿದು ಬಂದವರನ್ನು ಬರಿಗೈಲಿ ಕಳಿಸಿದ್ದು ನಾನು ಕಂಡಿಲ್ಲ. ಅದೇ ಅಜ್ಜಿಯ ಕೊಟ್ಟಿಗೆಯ ಗೂಡಿನಲ್ಲಿ, ಕೂಲಿಗೆ ಬರುವವರಿಗೆಂದೇ ಬೇರೆ ಲೋಟ ಇದೆ. ಅವಳ ಪ್ರಕಾರ ಎರಡೂ ದೇವರು ಮೆಚ್ಚುವ ಕೆಲಸವೇ. ನಾನು ದೇವರನ್ನು ಅಷ್ಟಾಗಿ ನಂಬುವವನಲ್ಲ. ಆದರೂ ಆ ಲೋಟ ನೋಡುತ್ತಲೇ ಇಪ್ಪತ್ತು ವರ್ಷ ಸುಮ್ಮನಿದ್ದೆ. ಹಾಗಾಗಿ ನಂಬದವರೇ ಮೇಲು ಎಂದು ವಾದಿಸುವ ಮುಖ ನನಗಿಲ್ಲ.

ವಿದುರನ ಕಥೆ ಹೇಳಿಕೊಟ್ಟವಳೂ ಅಜ್ಜಿಯೇ. ದಾಸಿಯ ಮಗನಾದ್ದರಿಂದ ಸಿಂಹಾಸನ ಸಿಗಲಿಲ್ಲ. ಆದರೂ ನಿದ್ದೆ ಬಾರದ ಧೃತರಾಷ್ಟ್ರನಿಗೆ ಇಡೀ ರಾತ್ರಿ ನೀತಿ ಹೇಳಿದವನು ಅವನೇ. ಬೆಟ್ಟ ಇಳಿದು ಊರಿಗೆ ಹೋದಾಗ ಕೇಳಿದೆ: ‘ಅಜ್ಜಿ, ವಿದುರ ನಮ್ಮನೆಗೆ ಬಂದರೆ ಯಾವ ಲೋಟದಲ್ಲಿ ನೀರು ಕೊಡ್ತೀಯ?’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನಿಮ್ಮ ಕಾಲೇಜಲ್ಲಿ ಇದನ್ನೇನಾ ಹೇಳ್ಕೊಡೋದು?’ ಎಂದು ಎದ್ದು ಒಳಗೆ ಹೋದಳು. ಲೋಟ ಇನ್ನೂ ಗೂಡಿನಲ್ಲೇ ಇದೆ. ಹಬ್ಬಕ್ಕೆ ಹೋದಾಗ ಮತ್ತೆ ಕೇಳುತ್ತೇನೆ.