ಗುಟ್ಟಿನ ಪಟ್ಟಿ ಇರಲಿ, ಗುಟ್ಟು ಬೇಡ

ಹೈದರಾಬಾದಿನ ಗಚ್ಚಿಬೌಲಿ, ಪುಣೆಯ ಹಿಂಜವಡಿ, ಚೆನ್ನೈನ ಓಎಂಆರ್ ಕಡೆಯ ಕಚೇರಿಗಳಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಕನ್ನಡಿಗರು ಕಡಿಮೆಯೇನಿಲ್ಲ. ನಾನೂ ಅವರಲ್ಲಿ ಒಬ್ಬ. ನಮ್ಮ ತಂಡಗಳಲ್ಲಿ ಆಗಾಗ ಎದ್ದು, ತೀರ್ಮಾನವಾಗದೆ ಉಳಿಯುವ ಒಂದು ಪ್ರಶ್ನೆ ಇದೆ: ಕ್ಲೌಡ್‌ನಲ್ಲಿ ಇಟ್ಟಿರುವ ಸೀಕ್ರೆಟ್‌ಗಳ ಪಟ್ಟಿಯನ್ನು ತೆಗೆಯುವ ಅಧಿಕಾರವನ್ನು ಡೇಟಾಬೇಸ್‌ನ ಕೋಡ್‌ಗೆ ಕೊಡಬೇಕೇ, ಬೇಡವೇ? ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಪಟ್ಟಿಯ ಅಧಿಕಾರ ಮಾತ್ರ.

ಈ ಕ್ಷೇತ್ರದಲ್ಲಿ ಇಲ್ಲದವರಿಗಾಗಿ ಎರಡು ಮಾತು. ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ವ್ಯವಹರಿಸಲು ಬೇಕಾದ ಪಾಸ್‌ವರ್ಡ್, ಕೀ, ಟೋಕನ್‌ಗಳನ್ನೆಲ್ಲ ಸೀಕ್ರೆಟ್ ಎನ್ನುತ್ತೇವೆ. ಹಿಂದೆ ಇವನ್ನು ಕೋಡ್‌ನ ಒಳಗೇ ಬರೆದಿಡುತ್ತಿದ್ದರು. ಅದರ ಅಪಾಯಕ್ಕೆ ಊಬರ್ ಪ್ರಕರಣವೇ ಸಾಕ್ಷಿ. 2016ರಲ್ಲಿ ಕಳ್ಳರು ಆ ಕಂಪನಿಯ ಕೋಡ್ ಇದ್ದ ಗಿಟ್‌ಹಬ್‌ಗೆ ನುಗ್ಗಿ, ಅಲ್ಲಿ ಸಿಕ್ಕ ಅಮೆಜಾನ್ ಕ್ಲೌಡ್ ಕೀ ಬಳಸಿ ಸುಮಾರು 5.7 ಕೋಟಿ ಪ್ರಯಾಣಿಕರು ಮತ್ತು ಚಾಲಕರ ಮಾಹಿತಿ ಕದ್ದರು. ಇಂಥ ಅಪಾಯ ತಪ್ಪಿಸಲೆಂದೇ ಸೀಕ್ರೆಟ್‌ಗಳನ್ನು ಪ್ರತ್ಯೇಕವಾಗಿ ಭದ್ರಪಡಿಸುವ ಸೇವೆಗಳಿವೆ. ಅಮೆಜಾನ್‌ನಲ್ಲಿ ಸೀಕ್ರೆಟ್ಸ್ ಮ್ಯಾನೇಜರ್, ಒರಾಕಲ್‌ನಲ್ಲಿ ವಾಲ್ಟ್, ಗೂಗಲ್‌ನಲ್ಲಿ ಸೀಕ್ರೆಟ್ ಮ್ಯಾನೇಜರ್.

ಪೆಟ್ಟಿಗೆಯೇನೋ ಬಂತು. ಆದರೆ ಅದರೊಳಗೆ ಏನೇನಿದೆ ಎಂದು ಲೆಕ್ಕ ಇಡುವವರು ಯಾರು? ಪ್ರತಿ ಪ್ರಾಜೆಕ್ಟ್ ನಾಲ್ಕಾರು ಸೀಕ್ರೆಟ್ ಸೇರಿಸುತ್ತದೆ, ತೆಗೆಯುವವರು ಅಪರೂಪ. ಸೇರಿಸಿದವರು ಮೂರು ವರ್ಷಕ್ಕೆ ಊರು ಬದಲಿಸುತ್ತಾರೆ. ಅದರಲ್ಲೂ ನಮ್ಮಂಥ ವಲಸಿಗರು ಇಂದು ಪುಣೆ, ನಾಳೆ ನೋಯ್ಡಾ. ಕೆಟಿ ಎಂಬ ಹೆಸರಿನಲ್ಲಿ ನಡೆಯುವ ಕೊನೆಯ ವಾರದ ಹಸ್ತಾಂತರದಲ್ಲಿ ಸೀಕ್ರೆಟ್‌ಗಳ ವಿಷಯ ಬರುವುದೇ ಕಡಿಮೆ. ನಂತರ ಯಾವುದೋ ಮಧ್ಯರಾತ್ರಿ ಪಾಸ್‌ವರ್ಡ್‌ನ ಅವಧಿ ಮುಗಿದು, ಸಂಬಳ ಹಾಕುವ ಜಾಬ್ ನಿಂತು, ಆ ದಿನ ಸಪೋರ್ಟ್‌ನಲ್ಲಿರುವವರ ಫೋನ್ ಬಡಿದುಕೊಳ್ಳುತ್ತದೆ.

ಈ ಲೆಕ್ಕ ಇಡಲು ಡೇಟಾಬೇಸ್‌ಗಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ. ಒರಾಕಲ್‌ನ ಅಟಾನಮಸ್ ಡೇಟಾಬೇಸ್‌ನಲ್ಲಿ ಪಿಎಲ್/ಎಸ್‌ಕ್ಯೂಎಲ್ ಕೋಡ್‌ನಿಂದಲೇ ವಾಲ್ಟ್ ಸೇವೆಯ ‘ಲಿಸ್ಟ್ ಸೀಕ್ರೆಟ್ಸ್’ ಫಂಕ್ಷನ್ ಕರೆಯಬಹುದು. ಅದು ಕೊಡುವುದು ಸೀಕ್ರೆಟ್‌ನ ಹೆಸರು, ವಿವರಣೆ, ಸ್ಥಿತಿ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ ಇತ್ಯಾದಿ. ಒಳಗಿನ ಪಾಸ್‌ವರ್ಡ್ ಬರುವುದಿಲ್ಲ, ಅದಕ್ಕೆ ಬೇರೆಯೇ ಫಂಕ್ಷನ್ ಇದೆ, ಬೇರೆಯೇ ಅನುಮತಿ ಬೇಕು. ಬಂದ ಪಟ್ಟಿಯನ್ನು ಒಂದು ಟೇಬಲ್‌ಗೆ ಹಾಕಿದರೆ, ಮುಂದಿನ ತಿಂಗಳು ಅವಧಿ ಮುಗಿಯುವವು ಯಾವುವು, ಎರಡು ವರ್ಷದಿಂದ ಇರುವವು ಯಾವುವು ಎಂಬುದು ಒಂದೇ ಕ್ವೆರಿಯಲ್ಲಿ ಗೊತ್ತಾಗುತ್ತದೆ. ಅಮೆಜಾನ್‌ನ ಪಟ್ಟಿಯಲ್ಲಿ ಸೀಕ್ರೆಟ್ ಅನ್ನು ಕೊನೆಯ ಸಲ ಯಾವ ದಿನ ಬಳಸಲಾಯಿತು ಎಂಬುದೂ ಸಿಗುತ್ತದೆ. ಅಲ್ಲಿ ಒಂದು ಸೀಕ್ರೆಟ್‌ಗೆ ತಿಂಗಳಿಗೆ 40 ಸೆಂಟ್ ಬಾಡಿಗೆ. ಯಾರೂ ಬಳಸದ ನೂರಾರು ಸೀಕ್ರೆಟ್‌ಗೆ ಹಣ ಕಟ್ಟುವುದು ದಂಡ. ಆ ಹಣಕ್ಕಿಂತ ದೊಡ್ಡದು, ಹಾಗೇ ಬಿದ್ದಿರುವ ಜೀವಂತ ಕೀಯ ಅಪಾಯ.

ಭದ್ರತಾ ತಂಡದವರು ಇದಕ್ಕೆ ಒಪ್ಪುವುದಿಲ್ಲ. ‘ಹೆಸರೂ ಗುಟ್ಟೇ’ ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಲಾಡ್ಜ್‌ನ ಕೌಂಟರ್ ಹಿಂದಿನ ಕೀ ಬೋರ್ಡ್ ನೋಡಿದವನಿಗೆ ಕೀ ಕೈಗೆ ಸಿಗದಿದ್ದರೂ ಎಷ್ಟು ಕೋಣೆಗಳಿವೆ, ಯಾವುದರಲ್ಲಿ ಜನ ಇಲ್ಲ ಎಂಬುದು ತಿಳಿಯುತ್ತದೆ. ಯಾವ ಬ್ಯಾಂಕ್ ಜೊತೆ ಸಂಪರ್ಕ, ಯಾವ ಸರ್ವರ್‌ನ ಅಡ್ಮಿನ್ ಖಾತೆ ಎಂಬುದೆಲ್ಲ ಸೀಕ್ರೆಟ್‌ನ ಹೆಸರಿನಲ್ಲೇ ಇದ್ದರೆ, ನುಗ್ಗಿದವನಿಗೆ ಅದೇ ನಕ್ಷೆಯಾಗುತ್ತದೆ.

ಆದರೆ ಈ ವಾದ ಪಟ್ಟಿಯ ಅಧಿಕಾರಕ್ಕೆ ಮಿತಿ ಹಾಕಲು ಕಾರಣವಾಗಬಹುದೇ ಹೊರತು ಅದನ್ನು ನಿರಾಕರಿಸಲು ಅಲ್ಲ. ಒರಾಕಲ್‌ನಲ್ಲಿ ಅನುಮತಿಗೆ ನಾಲ್ಕು ಮೆಟ್ಟಿಲು: ಇನ್‌ಸ್ಪೆಕ್ಟ್, ರೀಡ್, ಯೂಸ್, ಮ್ಯಾನೇಜ್. ಪಟ್ಟಿಗೆ ಮೊದಲನೆಯದು ಸಾಕು. ನಾನು ಕಂಡ ತೊಂದರೆಯೆಂದರೆ, ಇನ್‌ಸ್ಪೆಕ್ಟ್ ಕೇಳಿದರೆ ‘ಆಗುವುದಿಲ್ಲ’ ಎನ್ನುವ ಕಡೆಯೇ, ಪ್ರಾಜೆಕ್ಟ್ ಲೈವ್ ಆಗುವ ಹಿಂದಿನ ರಾತ್ರಿ ಅವಸರಕ್ಕೆ ಇಡೀ ಖಾತೆಗೆ ಮ್ಯಾನೇಜ್ ಕೊಟ್ಟುಬಿಡುತ್ತಾರೆ. ಆಮೇಲೆ ಅದನ್ನು ಹಿಂತೆಗೆದುಕೊಳ್ಳುವವರಿಲ್ಲ. ಬಾಗಿಲಿಗೆ ಬೀಗ ಹಾಕಿ ಗೋಡೆ ಒಡೆದಂತಾಯಿತು.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೆ. ಇಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇಲ್ಲದೆ ತನ್ನದೇ ಗುರುತಿನ ಮೇಲೆ ಕ್ಲೌಡ್‌ಗೆ ಹೋಗಬಲ್ಲದು. ಅನುಕೂಲವೇನೋ ದೊಡ್ಡದು, ಆದರೆ ಆ ಗುರುತನ್ನು ಬಳಸಬಲ್ಲ ಪ್ರತಿ ಡೇಟಾಬೇಸ್ ಬಳಕೆದಾರನಿಗೂ ಅದೇ ಅಧಿಕಾರ ಸಿಕ್ಕಂತೆ. ಹಾಗಾಗಿ ಈ ಕೆಲಸಕ್ಕೆಂದೇ ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಮಾತ್ರ ಅದನ್ನು ತೆರೆಯಬೇಕು. ಪಟ್ಟಿ ಸೇರುವ ಟೇಬಲ್ ಅನ್ನೂ ಎಲ್ಲರೂ ಓದುವಂತಿರಬಾರದು. ಪಟ್ಟಿ ಪುಟ ಪುಟವಾಗಿ ಬರುತ್ತದೆ, ಒಂದು ಸಲಕ್ಕೆ ಒಂದು ರೀಜನ್, ಒಂದು ಕಂಪಾರ್ಟ್‌ಮೆಂಟ್‌ನದು ಮಾತ್ರ ಎಂಬುದೂ ನೆನಪಿರಲಿ. ಮೊದಲ ಪುಟ ನೋಡಿ ‘ಇಷ್ಟೇ ಇರುವುದು’ ಎಂದುಕೊಂಡರೆ ಮುಂಬೈ ರೀಜನ್‌ನ ಲೆಕ್ಕ ಸಿಕ್ಕು ಹೈದರಾಬಾದಿನದು ಬಿಟ್ಟುಹೋಗುತ್ತದೆ. ಅರ್ಧ ಪಟ್ಟಿ ಪೂರ್ತಿ ಪಟ್ಟಿಯಂತೆಯೇ ಕಾಣುತ್ತದೆ. ಪಟ್ಟಿ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ಇದು ನಾಲ್ಕು ಜನ ಎಂಜಿನಿಯರುಗಳ ಚರ್ಚೆ ಎಂದು ಬಿಡುವಂತಿಲ್ಲ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರಲ್ಲಿ ಸೂಚಿಸಿದೆ. ಜನರ ಮಾಹಿತಿ ಕಾಪಾಡುವಲ್ಲಿ ವಿಫಲವಾದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಅವಕಾಶವಿದೆ. ಪೆಟ್ಟಿಗೆಯಲ್ಲಿ ಏನಿತ್ತು ಎಂದೇ ತಿಳಿಯದವರು 6 ಗಂಟೆಯಲ್ಲಿ ಏನು ಕಳೆದುಹೋಗಿದೆ ಎಂದು ಹೇಗೆ ಹೇಳುತ್ತಾರೆ? ದಂಡ ಕಟ್ಟುವುದು ಕಂಪನಿಯಾದರೂ ‘ಇದನ್ನು ನೋಡಿಕೊಳ್ಳುತ್ತಿದ್ದವರು ಯಾರು’ ಎಂಬ ಪ್ರಶ್ನೆ ಬಂದು ನಿಲ್ಲುವುದು ಗುತ್ತಿಗೆ ಮೇಲೆ ಕೆಲಸ ಮಾಡುವ ನಮ್ಮ ನಿಮ್ಮಂಥವರ ಮುಂದೆ.

ಕಂಪನಿಗಳು ಪಟ್ಟಿಯ ಅಧಿಕಾರವನ್ನು ಓದುವ ಅಧಿಕಾರದಿಂದ ಬೇರ್ಪಡಿಸಿ, ಡೇಟಾಬೇಸ್ ತಂಡಕ್ಕೆ ಕೊಡಲಿ. ನಾವು ತಿಂಗಳಿಗೊಮ್ಮೆ ಅದನ್ನು ತೆಗೆದು, ಪ್ರತಿ ಸೀಕ್ರೆಟ್‌ನ ಮುಂದೆ ಈಗ ಹೊಣೆ ಹೊತ್ತವರ ಹೆಸರು ಬರೆಯೋಣ. ಹೆಸರು ಸಿಗದವನ್ನು ಅಳಿಸಲು ಹೆದರಬೇಕಿಲ್ಲ. ಅಮೆಜಾನ್‌ನಲ್ಲಿ ಅಳಿಸುವಾಗ 7ರಿಂದ 30 ದಿನದ ಗಡುವು ಇಟ್ಟರೆ, ಅಷ್ಟರೊಳಗೆ ಯಾರಾದರೂ ಕೂಗು ಹಾಕಿದರೆ ಮರಳಿ ಪಡೆಯಬಹುದು. ಊರು ಬಿಡುವ ಮುನ್ನ ಬಾಡಿಗೆ ಮನೆಯ ಕೀಯನ್ನು ಮಾಲೀಕರಿಗೆ ಒಪ್ಪಿಸಿ, ಮುಂಗಡ ಹಣ ವಾಪಸು ಪಡೆಯುವುದನ್ನು ನಾವ್ಯಾರೂ ಮರೆಯುವುದಿಲ್ಲ. ಪ್ರಾಜೆಕ್ಟ್ ಬಿಡುವಾಗಲೂ ಅಷ್ಟೇ ಜಾಗ್ರತೆಯಿಂದ ಆ ಪಟ್ಟಿಯನ್ನು ಮುಂದಿನವರ ಕೈಗೆ ಕೊಡೋಣ.